ಬೀದರಿಗೆ ರಾತ್ರಿ ಬಂದಿಳಿದ ವಿಮಾನಗಳು: ನಮ್ಮ ಆಕಾಶದ 1948

ಇವತ್ತಿನ ಕತೆ ಶುರುವಾಗೋದು ಒಂದು ಸೌಂಡಿನಿಂದ.

ಹಿರೇಕೊಟ್ನೆಕಲ್‌ನಲ್ಲಿ ರಾತ್ರಿ ಊಟ ಮುಗಿಸಿ ಮಾಳಿಗೆ ಮೇಲೆ ಮಲಗಿದ್ದೀರಿ ಅಂದ್ಕೊಳ್ಳಿ. ದೂರದಿಂದ ಗುಂಯ್ ಅಂತ ಭಾರೀ ದನಿ ಬರ್ತದೆ. ಫೋನ್ ತೆಗೆದು ಫ್ಲೈಟ್ ಟ್ರ್ಯಾಕರ್ ಆ್ಯಪ್ ನೋಡ್ತೀರಿ. ತಲೆ ಮೇಲೆ ವಿಮಾನ ಐತಿ, ಆ್ಯಪಲ್ಲಿ ಇಲ್ಲ! ಇದರಲ್ಲಿ ಮ್ಯಾಜಿಕ್ ಏನಿಲ್ಲ. ವಿಮಾನ ತಾನೇ ಕಳಿಸೋ ಎಡಿಎಸ್-ಬಿ ಅನ್ನೋ ಸಿಗ್ನಲ್ ಹಿಡಿದು ಆ್ಯಪ್ ನಮಗೆ ತೋರಿಸ್ತದೆ. ಸೇನೆಯ ವಿಮಾನ ಆ ಸಿಗ್ನಲ್ ಬಂದ್ ಮಾಡಿಕೊಂಡು ಹಾರಬಹುದು.

ಆವಾಗ ಕಣ್ಣೇ ಗತಿ. ಹಗಲಾಗಿದ್ರೆ ಎಂಜಿನ್ ಎಣಿಸಿ. ಎರಡೇ ಎಂಜಿನ್, ಅವೂ ರೆಕ್ಕೆಯ ಮೇಲೆ ಕೂತಂಗೆ ಕಂಡ್ರೆ ಅದು ಸೋವಿಯತ್ ಮೂಲದ ಎಎನ್-32. ನಾಲ್ಕು ಪ್ರೊಪೆಲ್ಲರ್, ಒಂದೊಂದಕ್ಕೂ ಆರಾರು ಎಲೆ ಇದ್ರೆ ಸಿ-130ಜೆ ಸೂಪರ್ ಹರ್ಕ್ಯುಲಿಸ್. ನಾಲ್ಕು ಜೆಟ್ ಎಂಜಿನ್ ಹೊತ್ತ ದೊಡ್ಡ ಹೊಟ್ಟೆಯದು ಸಿ-17 ಆಗಿರಬಹುದು. ಎಎನ್-32 ಹಾರಿಸೋ ಪೈಲಟ್‌ಗಳಿಗೆ ತರಬೇತಿ ಸಿಗೋದು ನಮ್ಮ ಬೆಂಗಳೂರಿನ ಯಲಹಂಕದಲ್ಲೇ.

ಇವತ್ತು ಇದು ನಮಗೆ ಒಂದು ಕುತೂಹಲ, ಅಷ್ಟೇ. ಆದ್ರೆ 1948ರಲ್ಲಿ, ಇದೇ ಸೀಮೆಯಲ್ಲಿ, ರಾತ್ರಿ ಬರೋ ಸರಕು ವಿಮಾನ ಅಂದ್ರೆ ಎರಡು ಸರ್ಕಾರಗಳ ಜಗಳದ ವಿಷಯವಾಗಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. 1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು. ರಾಯಚೂರಿಗೆ ಬರಲಿಲ್ಲ. ಮಾನ್ವಿ, ದೇವದುರ್ಗ, ಕಲಬುರಗಿ, ಬೀದರ್ ಎಲ್ಲಾ ಹೈದರಾಬಾದ್ ನಿಜಾಮರ ಕೈಯಲ್ಲಿದ್ದವು. ತುಂಗಭದ್ರಾ ದಾಟಿದ್ರೆ ಆಚೆ ಮದ್ರಾಸ್ ಪ್ರಾಂತ್ಯ, ಅಂದ್ರೆ ಸ್ವತಂತ್ರ ಭಾರತ. ಒಂದು ಹೊಳೆ, ಎರಡು ದೇಶದಂಥ ಸ್ಥಿತಿ. ನವೆಂಬರ್ 29ರಂದು ನಿಜಾಮರು ಭಾರತದ ಜೊತೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ್ರು. ಒಳಗೆ ಮಾತ್ರ ಖಾಸಿಂ ರಜ್ವಿಯ ರಜಾಕಾರರ ಹಾವಳಿ ಏರ್ತಾ ಹೋಯಿತು. ಜನ ಊರು ಬಿಟ್ಟು ಗಡಿ ದಾಟಿದ್ರು. ಗಡಿಯಾಚೆ ಮುಂಡರಗಿಯಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು.

ನಿಜಾಮರ ಸಂಸ್ಥಾನದ ಮ್ಯಾಪ್ ನೋಡಿದ್ರೆ ಅವರ ಕಷ್ಟ ತಿಳೀತದೆ. ಸುತ್ತಲೂ ಭಾರತ, ಸಮುದ್ರದ ದಾರಿ ಇಲ್ಲ. ರೈಲು, ರಸ್ತೆ ಎಲ್ಲಾ ಭಾರತದ ಮೇಲೇ ಹಾಯ್ದು ಬರಬೇಕು. ಆಯುಧ ಬೇಕು ಅಂದ್ರೆ ಉಳಿದದ್ದು ಒಂದೇ ದಾರಿ: ಆಕಾಶ.

ಅಲ್ಲಿ ಎಂಟ್ರಿ ಕೊಟ್ಟವನು ಸಿಡ್ನಿ ಕಾಟನ್. ಆಸ್ಟ್ರೇಲಿಯಾದವನು, ಮೊದಲ ಮಹಾಯುದ್ಧದ ಪೈಲಟ್. ತೆರೆದ ವಿಮಾನದಲ್ಲಿ ಚಳಿ ತಡೆಯೋಕೆ ಸಿಡ್‌ಕಾಟ್ ಅನ್ನೋ ಸೂಟು ಕಂಡುಹಿಡಿದಾತ. ಎರಡನೇ ಯುದ್ಧಕ್ಕೆ ಮೊದಲು ವ್ಯಾಪಾರಿಯ ವೇಷದಲ್ಲಿ ಜರ್ಮನಿ ಮೇಲೆ ಹಾರಿ, ಬ್ರಿಟನ್ನಿಗೆ ಗುಟ್ಟಾಗಿ ಫೋಟೋ ತೆಗೆದುಕೊಟ್ಟಾತ. ಇಂಥವನು 1948ರಲ್ಲಿ ಲ್ಯಾಂಕಾಸ್ಟ್ರಿಯನ್ ವಿಮಾನಗಳನ್ನ ಹೊಂದಿಸಿಕೊಂಡು ಕರಾಚಿಯಿಂದ ಹೈದರಾಬಾದ್ ಸಂಸ್ಥಾನಕ್ಕೆ ಆಯುಧ ಸಾಗಿಸೋಕೆ ಶುರು ಮಾಡಿದ. ಲ್ಯಾಂಕಾಸ್ಟ್ರಿಯನ್ ಅಂದ್ರೆ ಬ್ರಿಟನ್ನಿನ ಲ್ಯಾಂಕಾಸ್ಟರ್ ಬಾಂಬರನ್ನೇ ಬದಲಿಸಿ ಮಾಡಿದ ಸರಕು-ಪ್ರಯಾಣಿಕರ ವಿಮಾನ, ನಾಲ್ಕು ಎಂಜಿನ್‌ನದು. ಹಾರಾಟ ರಾತ್ರಿ ಹೊತ್ತು. ಇಳಿಯೋ ಜಾಗಗಳಲ್ಲಿ ಒಂದು ನಮ್ಮ ಬೀದರ್.

ಕರಾಚಿಯಿಂದ ಬೀದರಿಗೆ ನೇರ ದಾರಿ ರಾಯಚೂರಿನ ಮೇಲೆ ಹಾಯೋದಿಲ್ಲ, ವಾಯವ್ಯದಿಂದ ಬರ್ತದೆ. ಹಂಗಾಗಿ ಹಿರೇಕೊಟ್ನೆಕಲ್‌ನವರು ಕಾಟನ್ ವಿಮಾನ ನೋಡಿದ್ರು ಅಂತ ನಾನು ಹೇಳೋದಿಲ್ಲ. ಆದ್ರೆ ಇಲ್ಲಿಂದ ಬರೀ ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ ಇಳಿದ ಆ ಬಂದೂಕು, ಗುಂಡುಗಳು ಯಾರ ಕೈಗೆ ಹೋಗ್ತಾವೆ ಅನ್ನೋದು ಈ ಹಳ್ಳಿಗಳ ಜೀವದ ಪ್ರಶ್ನೆಯಾಗಿತ್ತು.

ಕೊನೆಗೆ 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ನುಗ್ಗಿತು. ಅದೇ ಆಪರೇಷನ್ ಪೋಲೋ. ಸೊಲ್ಲಾಪುರದ ಕಡೆಯಿಂದ ಮುಖ್ಯ ಪಡೆ ಬಂತು, ದಕ್ಷಿಣದಲ್ಲಿ ತುಂಗಭದ್ರಾ ಸೇತುವೆಯನ್ನ ಗೂರ್ಖಾ ಸೈನಿಕರು ಹಿಡಿದ್ರು. ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಮೇಲಿಂದ ದಾಳಿ ಮಾಡಿದವು, ರನ್‌ವೇಗಳ ಮೇಲೂ ಬಾಂಬ್ ಬಿತ್ತು. ಆಕಾಶದ ಬಾಗಿಲೂ ಮುಚ್ಚಿತು. ಸೆಪ್ಟೆಂಬರ್ 17ಕ್ಕೆ ನಿಜಾಮರು ರೇಡಿಯೋದಲ್ಲಿ ಮಾತಾಡಿ ಸೋಲೊಪ್ಪಿಕೊಂಡ್ರು. ಮರುದಿನ ಅವರ ಸೇನಾಪತಿ ಎಲ್ ಎಡ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧರಿಗೆ ಶರಣಾದ್ರು. ಅಷ್ಟು ರಿಸ್ಕ್ ತಗೊಂಡು ತಂದ ಆಯುಧ ಐದು ದಿನವೂ ಆಸರೆಯಾಗಲಿಲ್ಲ. ಕಾಟನ್‌ಗೆ ಬ್ರಿಟನ್ನಿನ ಕೋರ್ಟು ಹಾಕಿದ ದಂಡ ಎಷ್ಟು ಗೊತ್ತೇನ್ರಿ? 200 ಪೌಂಡ್!

ಕತೆ ಇಲ್ಲಿಗೆ ನಿಲ್ಲಿಸಿದ್ರೆ ಕೇಳೋಕೆ ಚೆಂದ. ಆದ್ರೆ ಇನ್ನೊಂದು ಪುಟ ಐತಿ. ಸೇನೆ ಬಂದ ಮೇಲೆ ಸೇಡಿನ ಹಿಂಸೆ ನಡೀತು, ಸತ್ತವರಲ್ಲಿ ಬಹಳಷ್ಟು ಜನ ರಜಾಕಾರರೇ ಅಲ್ಲದ ಸಾಮಾನ್ಯ ಮುಸ್ಲಿಮರು. ನೆಹರೂ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಸಾವು ಅಂತ ಅಂದಾಜು ಮಾಡಿತು. ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ರಜಾಕಾರರ ಹಾವಳಿ ನೆನೆಯುವಾಗ ಇದನ್ನೂ ನೆನೀಬೇಕು. ಎರಡೂ ಕಡೆ ಸತ್ತವರು ನಮ್ಮೂರಿನವರೇ.

ಈಗ ಅದೇ ಬೀದರ್ ನಮ್ಮ ವಾಯುಪಡೆಯ ತರಬೇತಿ ಕೇಂದ್ರ. ಹಾಕ್ ವಿಮಾನದಲ್ಲಿ ಹುಡುಗ ಹುಡುಗಿಯರು ಪೈಲಟ್ ಆಗೋದು ಕಲೀತಾರೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಅಲ್ಲೇ. ಸೆಪ್ಟೆಂಬರ್ 17ಕ್ಕೆ ನಮ್ಮ ಶಾಲೆಗಳಲ್ಲಿ ಬಾವುಟ ಏರ್ತದೆ. ಆ ದಿನದ ಹಿಂದೆ ಏನಿತ್ತು ಅಂತ ಎಷ್ಟು ಜನ ಕೇಳಿದ್ದೀವಿ?

ಒಂದು ಕೆಲಸ ಮಾಡ್ರಿ. ಮನೆಯಲ್ಲಿ, ಓಣಿಯಲ್ಲಿ ಎಂಬತ್ತು ದಾಟಿದ ಅಜ್ಜ ಅಜ್ಜಿ ಇದ್ರೆ ಪಕ್ಕ ಕೂತು ಕೇಳಿ: ಆ ವರ್ಷ ಮೊದಲ ಸಲ ವಿಮಾನದ ಸಪ್ಪಳ ಕೇಳಿದಾಗ ಮನೆಯವರು ಹೊರಗೆ ಓಡಿ ಬಂದ್ರಾ, ಒಳಗೆ ಅಡಗಿಕೊಂಡ್ರಾ? ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಆಕಾಶದಲ್ಲಿ ಹೋದ ವಿಮಾನ ಮತ್ತೆ ಬರಬಹುದು, ಆ ನೆನಪು ಹೇಳೋರು ಬಾಳ ದಿನ ಇರೋದಿಲ್ಲ.

ಮುಂದಿನ ವಾರ ಸಿಗೋಣ. ಬರ್ತೀನ್ರಿ.