ಮಿಪ್ಸ್, ಬೋಗೋಮಿಪ್ಸ್ ಮತ್ತು ಉಬ್ಬಿದ ತಳದ ಸೇರು

ಹುಬ್ಬಳ್ಳಿಯಿಂದ ಧಾರವಾಡ ಎಷ್ಟು ದೂರ ಅಂತ ನಮ್ಮವರನ್ನು ಕೇಳಿ ನೋಡಿ. ಇಪ್ಪತ್ತು ಕಿಲೋಮೀಟರ್ ಅನ್ನೋದಿಲ್ಲ, "ಮುಕ್ಕಾಲು ತಾಸಿನ ಹಾದಿರೀ" ಅಂತಾರೆ. ಕಂಪ್ಯೂಟರ್ ವೇಗ ಅಳೆಯುವವರಿಗೆ ಈ ಸರಳ ಬುದ್ಧಿ ಬರಲು ಬಹಳ ವರ್ಷ ಬೇಕಾಯ್ತು!

1977ರಲ್ಲಿ ಡಿಇಸಿ ಕಂಪನಿ ವ್ಯಾಕ್ಸ್-11/780 ಅನ್ನೋ ಯಂತ್ರ ತಂದಿತು. ಅದರ ವೇಗ ಒಂದು ಮಿಪ್ಸ್, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಆದೇಶ ಅಂತ ಜನ ಹಿಡಿದರು. ಉಳಿದ ಯಂತ್ರಗಳನ್ನೂ ಅದೇ ಸೇರಿನಿಂದ ಅಳೆದರು. 1984ರಲ್ಲಿ ಜೋಯೆಲ್ ಎಮರ್, ಡಗ್ಲಸ್ ಕ್ಲಾರ್ಕ್ ಕೂತು ಎಣಿಸಿದಾಗ ಅದು ನಡೆಸುತ್ತಿದ್ದದ್ದು ಸುಮಾರು ಅರ್ಧ ಮಿಪ್ಸ್! ಸಂತೆಯಲ್ಲಿ ಸೇರಿನ ತಳ ಮೇಲಕ್ಕೆ ಉಬ್ಬಿದ್ದ ಹಾಗೆ :-)

ಹೀಗಾಗಿಯೇ ಇಂಜಿನಿಯರುಗಳು ಮಿಪ್ಸ್ ಎಂದರೆ 'ಮೀನಿಂಗ್‌ಲೆಸ್ ಇಂಡಿಕೇಟರ್ ಆಫ್ ಪ್ರೊಸೆಸರ್ ಸ್ಪೀಡ್' ಅಂತ ನಗತೊಡಗಿದರು. ಲಿನಕ್ಸ್‌ನ ಲೈನಸ್ ಟೊರ್ವಾಲ್ಡ್ಸ್ ಇನ್ನೂ ಮುಂದೆ ಹೋಗಿ 'ಬೋಗೋಮಿಪ್ಸ್' ತಂದ. ಬೋಗಸ್ ಮಿಪ್ಸ್! ಪ್ರೊಸೆಸರ್ ಏನೂ ಮಾಡದೆ ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಸುಮ್ಮನೆ ಸುತ್ತಬಲ್ಲದು ಅನ್ನೋ ಲೆಕ್ಕ ಅದು. ಈ ಅಳತೆಯಲ್ಲಿ ನಮ್ಮೂರ ಹರಟೆಕಟ್ಟೆಯನ್ನು ಯಾರೂ ಸೋಲಿಸಲಾರರು ಬಿಡಿ.

ಆ 1977ರಲ್ಲೇ ಬೆಂಗಳೂರಿನ ಶಕುಂತಲಾ ದೇವಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಯೂನಿವ್ಯಾಕ್ ಕಂಪ್ಯೂಟರಿಗೆ 62 ಸೆಕೆಂಡು ಬೇಕಾಯ್ತು. ನಮಗೆ ಹೆಮ್ಮೆ, ಸರಿ. ಆದರೆ ಅದೇ ಯೂನಿವ್ಯಾಕ್‌ಗೆ ಸಾವಿರ ನೌಕರರ ಪಗಾರದ ಲೆಕ್ಕ ಕೊಟ್ಟಿದ್ದರೆ? ಯಾವ ಕೆಲಸ ಕೊಡುತ್ತೀರಿ ಅನ್ನೋದರ ಮೇಲೆ ಗೆದ್ದವರು ಬದಲಾಗ್ತಾರೆ. ವೇಗ ಅನ್ನೋದು ಯಂತ್ರದ ಗುಣ ಮಾತ್ರ ಅಲ್ಲ, ಕೇಳಿದ ಪ್ರಶ್ನೆಯ ಗುಣ ಕೂಡ.

ಕೊನೆಗೆ 1988ರಲ್ಲಿ ಕಂಪನಿಗಳು ಸೇರಿ ಸ್ಪೆಕ್ ಸಂಸ್ಥೆ ಕಟ್ಟಿದವು. ನಿಜವಾದ ಪ್ರೋಗ್ರಾಂ ಓಡಿಸು, ಎಷ್ಟು ಹೊತ್ತಾಯ್ತು ನೋಡು, ಅಷ್ಟೇ. ನಮ್ಮವರ 'ಮುಕ್ಕಾಲು ತಾಸಿನ ಹಾದಿ' ತತ್ವ! (ಹೋಲಿಕೆಗೆ ಮಾತ್ರ ಮತ್ತೆ ಅದೇ ವ್ಯಾಕ್ಸ್.)

ಆದರೆ ಆ ಪ್ರೋಗ್ರಾಂಗಳನ್ನು ಆರಿಸಿದವರು ಯಾರು? ನಾವಂತೂ ಅಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಯುಟಿಎಫ್-8ರಲ್ಲಿ ಒಂದು ಬೈಟ್ ಸಾಕು, ನಮ್ಮ 'ಕ್ಷ'ಕ್ಕೆ ಒಂಬತ್ತು ಬೇಕು. ಮೇಲೆ ಒತ್ತಕ್ಷರ ಕೂಡಿಸಿ ತೋರಿಸೋ ಕೆಲಸ ಬೇರೆ. ಅದಕ್ಕೇ ಕೊಪ್ಪಿಕರ್ ರಸ್ತೆಗೆ ಕಂಪ್ಯೂಟರ್ ಕೊಳ್ಳಲು ಹೊರಟವರಿಗೆ ನಾನು ಹೇಳೋದು ಒಂದೇ: ಡಬ್ಬದ ಮೇಲಿನ ಗಿಗಾಹರ್ಟ್ಜ್ ಓದಬೇಡಿ. ನಿಮ್ಮ ನೂರು ಪುಟದ ಕನ್ನಡ ಕಡತ ಒಯ್ದು ಅಲ್ಲೇ ತೆರೆಸಿ ನೋಡಿ. ದುಡ್ಡು ನಿಮ್ಮದು, ಅಳತೆಯ ಸೇರೂ ನಿಮ್ಮದೇ ಇರಲಿ. ಏನಂತೀರಿ?