ಮದ್ಯ ಮತ್ತು ಔಷಧಗಳಿಂದಾಗುವ ಯಕೃತ್ತಿನ ಉರಿಯೂತ

ಬಹುಕಾಲದ ಮದ್ಯಸೇವನೆಯಿಂದಲೋ, ಬೇರೊಂದು ಕಾಯಿಲೆಗೆಂದು ತೆಗೆದುಕೊಂಡ ಔಷಧದಿಂದಲೋ ಯಕೃತ್ತಿನ ಜೀವಕೋಶಗಳು ಊದಿಕೊಂಡು ಸಾಯುವ ಸ್ಥಿತಿ ಇದು. ಹಸಿವು ಸತ್ತುಹೋಗುವುದು, ವಾಕರಿಕೆ, ಬಲಗಡೆಯ ಪಕ್ಕೆಲುಬಿನ ಕೆಳಗೆ ನೋವು, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಇದರ ಲಕ್ಷಣಗಳು. ವೈರಸ್‌ನಿಂದ ಬರುವ ಕಾಮಾಲೆಯ ಲಕ್ಷಣಗಳೂ ಇವೇ. ಪೆಟ್ಟು ಯಾವ ಕಡೆಯಿಂದ ಬಿದ್ದರೂ ಯಕೃತ್ತು ಅದನ್ನು ತೋರಿಸುವ ಬಗೆಗಳು ಕೆಲವೇ. ಹೀಗಾಗಿ ಈ ರೋಗದ ಚರಿತ್ರೆಯೆಂದರೆ ಬಹುಮಟ್ಟಿಗೆ ತಪ್ಪಿತಸ್ಥನನ್ನು ಗುರುತಿಸುವ ಚರಿತ್ರೆ. ಅದರಲ್ಲಿ ಅಮಾಯಕರ ಮೇಲೆ ಆರೋಪ ಬಿದ್ದದ್ದೂ ಉಂಟು, ಅಪರಾಧಿಗಳು ದಶಕಗಟ್ಟಲೆ ನುಣುಚಿಕೊಂಡದ್ದೂ ಉಂಟು.

ಕುಡುಕರ ಯಕೃತ್ತು ಗಂಟುಗಂಟಾಗಿ ಗಡಸಾಗುತ್ತದೆಂದು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಲಂಡನ್ನಿನ ವೈದ್ಯ ಮ್ಯಾಥ್ಯೂ ಬೇಲಿ ಮೊದಲಿಗರ ಸಾಲಿನವನು. ಶವಪರೀಕ್ಷೆಗಳನ್ನು ಆಧರಿಸಿದ ಅವನ ಗ್ರಂಥ 1793ರಲ್ಲಿ ಹೊರಬಂತು. ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1819ರಲ್ಲಿ ಈ ಗಡಸುತನಕ್ಕೆ ಸಿರೋಸಿಸ್ ಎಂಬ ಹೆಸರಿಟ್ಟ. 1836ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಮದ್ಯಪಾನಿಗಳ ಯಕೃತ್ತಿನಲ್ಲಿ ಕೊಬ್ಬು ತುಂಬುವುದನ್ನು ವಿವರಿಸಿದ. ಆರಂಭದ ಕೊಬ್ಬು, ಕೊನೆಯ ಗಡಸುತನ ಇವೆರಡೂ ಹೀಗೆ ಗೊತ್ತಾದರೂ ನಡುವಿನ ಉರಿಯೂತದ ಘಟ್ಟ ಕಣ್ಣಿಗೆ ಬೀಳಲು ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. ಬಾಸ್ಟನ್ನಿನ ಫ್ರಾಂಕ್ ಮ್ಯಾಲೊರಿ 1911ರಲ್ಲಿ ಇಂಥ ಯಕೃತ್ತಿನ ಕೋಶಗಳೊಳಗೆ ಗಾಜಿನಂತೆ ಹೊಳೆಯುವ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ. ಅವು ಇಂದಿಗೂ ಅವನ ಹೆಸರಿನಲ್ಲೇ ಇವೆ.

ಇಷ್ಟಾದ ಮೇಲೂ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಮದ್ಯಕ್ಕೆ ಬಿಡುಗಡೆ ಸಿಕ್ಕಿತು. ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲ. ಯಕೃತ್ತನ್ನು ಕೆಡಿಸುವುದು ಮದ್ಯವಲ್ಲ, ಪೋಷಕಾಂಶಗಳ ಕೊರತೆ ಎಂಬ ವಾದ ಬಲಗೊಂಡಿತ್ತು. ಇನ್ಸುಲಿನ್ ಸಂಶೋಧನೆಯಲ್ಲಿ ಪಾಲ್ಗೊಂಡಿದ್ದ ಚಾರ್ಲ್ಸ್ ಬೆಸ್ಟ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ, ಯಕೃತ್ತಿಗೆ ಸಕ್ಕರೆ ಎಷ್ಟು ವಿಷವೋ ಶುದ್ಧ ಮದ್ಯವೂ ಅಷ್ಟೇ ಎಂಬರ್ಥದ ತೀರ್ಮಾನವನ್ನು 1949ರಲ್ಲಿ ಪ್ರಕಟಿಸಿದರು. ದೊಡ್ಡ ಹೆಸರಿನ ಬೆಂಬಲವಿದ್ದುದರಿಂದ ಈ ನಂಬಿಕೆ ಬೇಗ ಅಳಿಯಲಿಲ್ಲ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ವೈನಿಗೆ ಪಡಿತರ ಬಂದಾಗ ಸಿರೋಸಿಸ್ ಸಾವುಗಳು ತೀವ್ರವಾಗಿ ಇಳಿದಿದ್ದವು. ಆಗ ಜನರಿಗೆ ಊಟವೂ ಮೊದಲಿಗಿಂತ ಕಡಿಮೆಯೇ ಸಿಗುತ್ತಿತ್ತು. ಪೋಷಣೆಯ ಕೊರತೆಯೇ ಮೂಲವಾಗಿದ್ದರೆ ಸಾವು ಏರಬೇಕಿತ್ತು.

ಅಮೆರಿಕದಲ್ಲಿ ನೆಲೆಸಿದ ಬೆಲ್ಜಿಯಂ ಮೂಲದ ಚಾರ್ಲ್ಸ್ ಲೀಬರ್ ಪೋಷಣೆಯ ಕೊರತೆಯ ವಾದವನ್ನು ಬುಡಮೇಲು ಮಾಡಿದರು. 1968ರಲ್ಲಿ ಅವರೂ ಲಿಯೊನೋರ್ ಡಿಕಾರ್ಲಿಯೂ ಯಕೃತ್ತಿನಲ್ಲಿ ಮದ್ಯವನ್ನು ಒಡೆಯುವ ಎರಡನೆಯ ಕಿಣ್ವವ್ಯವಸ್ಥೆಯೊಂದನ್ನು ವಿವರಿಸಿದರು; ಕುಡಿದಷ್ಟೂ ಇದರ ಪ್ರಮಾಣ ಹೆಚ್ಚುತ್ತದೆ. 1974ರಲ್ಲಿ ಎಮ್ಯಾನುಯೆಲ್ ರೂಬಿನ್ ಜೊತೆ ಸೇರಿ, ಪುಷ್ಟಿಕರ ಆಹಾರ ಕೊಟ್ಟೂ ಮದ್ಯ ಕುಡಿಸಿದ ಬಬೂನುಗಳಲ್ಲಿ ಕೊಬ್ಬು, ಉರಿಯೂತ, ಸಿರೋಸಿಸ್ ಮೂರೂ ಕಾಣಿಸಿಕೊಂಡದ್ದನ್ನು ತೋರಿಸಿದರು. ಮದ್ಯ ಒಡೆದಾಗ ಹುಟ್ಟುವ ಅಸೆಟಾಲ್ಡಿಹೈಡ್, ಕರುಳಿನಿಂದ ಸೋರಿಬರುವ ಬ್ಯಾಕ್ಟೀರಿಯಾದ ವಿಷ, ಇವುಗಳಿಗೆ ಕೆರಳುವ ರೋಗನಿರೋಧಕ ಕೋಶಗಳು ಒಟ್ಟುಗೂಡಿ ಉರಿಯೂತ ತರುತ್ತವೆಂಬ ಈಗಿನ ತಿಳಿವಳಿಕೆ ಆಮೇಲೆ ಬೆಳೆದದ್ದು.

ಇದಕ್ಕೂ ಮೊದಲೇ, 1961ರಲ್ಲಿ, ಬೆಕೆಟ್ ಮತ್ತು ಸಹೋದ್ಯೋಗಿಗಳು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಉರಿಯೂತದ ಈ ಘಟ್ಟವನ್ನು ‘ತೀವ್ರ ಮದ್ಯಜನ್ಯ ಹೆಪಟೈಟಿಸ್’ ಎಂದು ಕರೆದು ಪ್ರತ್ಯೇಕ ರೋಗವಾಗಿ ನಿಲ್ಲಿಸಿದ್ದರು. ಯಾವ ರೋಗಿ ಉಳಿಯುವುದು ಕಷ್ಟವೆಂದು ಅಂದಾಜಿಸಲು ವಿಲ್ಲಿಸ್ ಮ್ಯಾಡ್ರೆ ತಂಡ 1978ರಲ್ಲಿ ರಕ್ತ ಹೆಪ್ಪುಗಟ್ಟುವ ಸಮಯ ಮತ್ತು ಕಾಮಾಲೆಯ ಹಳದಿ ವರ್ಣಕವಾದ ಬಿಲಿರುಬಿನ್ ಮಟ್ಟ ಎರಡನ್ನೂ ಸೇರಿಸಿ ಸೂತ್ರವೊಂದನ್ನು ರೂಪಿಸಿತು. ಆಮೇಲೆ ಪರಿಷ್ಕರಿಸಿದ ಅದರ ರೂಪದ ಪ್ರಕಾರ ಅಂಕ 32 ದಾಟಿದರೆ ರೋಗ ತೀವ್ರವೆಂದು ಲೆಕ್ಕ. ಚಿಕಿತ್ಸೆ ಮಾತ್ರ ಅಷ್ಟು ಮುಂದುವರಿಯಲಿಲ್ಲ. 1970ರ ದಶಕದಿಂದ ಬಳಕೆಯಲ್ಲಿರುವ ಸ್ಟೀರಾಯ್ಡ್‌ಗಳನ್ನು ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಪರೀಕ್ಷಿಸಿದಾಗ, ಮೊದಲ ತಿಂಗಳಲ್ಲಿ ಅಲ್ಪ ಪ್ರಯೋಜನದ ಸುಳಿವಷ್ಟೇ ಸಿಕ್ಕಿತು. ಮೂರು ತಿಂಗಳ ಹೊತ್ತಿಗೆ ಅದೂ ಉಳಿಯಲಿಲ್ಲ. ಈ ಫಲಿತಾಂಶ ಬಂದದ್ದು 2015ರಲ್ಲಿ. ಕುಡಿತ ಬಿಟ್ಟು ಆರು ತಿಂಗಳಾಗದೆ ಯಕೃತ್ತಿನ ಕಸಿ ಮಾಡಬಾರದೆಂಬ ವಾಡಿಕೆಯನ್ನು ಫ್ರಾನ್ಸ್ ಮತ್ತು ಬೆಲ್ಜಿಯಂನ ತಂಡವೊಂದು 2011ರಲ್ಲಿ ಪ್ರಶ್ನಿಸಿತು. ಆಯ್ದ 26 ರೋಗಿಗಳಿಗೆ ಬೇಗನೆ ಕಸಿ ಮಾಡಿದಾಗ ಆರು ತಿಂಗಳ ನಂತರ ಬದುಕಿದ್ದವರು ಶೇ. 77, ಕಸಿಯಾಗದ ಅಂಥದೇ ರೋಗಿಗಳಲ್ಲಿ ಶೇ. 23. ಇಂಥವರಿಗೆ ದಾನದ ಅಂಗ ಕೊಡಬೇಕೇ ಎಂಬ ಚರ್ಚೆ ವೈದ್ಯಕೀಯಕ್ಕಿಂತ ನೈತಿಕವಾದದ್ದು. ಅದು ಇನ್ನೂ ಮುಗಿದಿಲ್ಲ.

ಔಷಧಗಳ ಕಡೆಯ ಕಥೆ ಆರಂಭವಾಗುವುದೇ ತಪ್ಪು ಆರೋಪದಿಂದ. ಪಾಲ್ ಎರ್ಲಿಕ್ ತಂದ ಸಾಲ್ವರ್ಸಾನ್ 1910ರಿಂದ ಸಿಫಿಲಿಸ್‌ಗೆ ಮದ್ದಾಯಿತು. ಚುಚ್ಚುಮದ್ದು ಪಡೆದ ಅನೇಕರಿಗೆ ಕೆಲವು ತಿಂಗಳ ನಂತರ ಕಾಮಾಲೆ ಬರುತ್ತಿತ್ತು, ದೋಷ ಅದರಲ್ಲಿದ್ದ ಆರ್ಸೆನಿಕ್ಕಿನದೆಂದೇ ವೈದ್ಯರು ನಂಬಿದ್ದರು. ಸರಿಯಾಗಿ ಕುದಿಸದ ಸಿರಿಂಜುಗಳಿಂದ ಒಬ್ಬರ ರಕ್ತದ ವೈರಸ್ ಇನ್ನೊಬ್ಬರಿಗೆ ಹೋಗುತ್ತಿದ್ದುದೇ ಬಹುಪಾಲು ಪ್ರಕರಣಗಳ ಕಾರಣವೆಂದು ಮನವರಿಕೆಯಾದದ್ದು 1940ರ ದಶಕದಲ್ಲಿ. 1950ರ ದಶಕದ ಮಧ್ಯದಲ್ಲಿ ಹಾನಿಗೊಂಡ ಯಕೃತ್ತಿನಿಂದ ರಕ್ತಕ್ಕೆ ಸೋರುವ ಟ್ರಾನ್ಸ್‌ಅಮಿನೇಸ್ ಕಿಣ್ವಗಳ ಪರೀಕ್ಷೆ, 1958ರಲ್ಲಿ ಮೆಂಘಿನಿಯ ಕ್ಷಣಮಾತ್ರದ ಬಯಾಪ್ಸಿ ಸೂಜಿ, ಆಮೇಲೆ ಒಂದೊಂದಾಗಿ ಪತ್ತೆಯಾದ ಹೆಪಟೈಟಿಸ್ ವೈರಸ್‌ಗಳು ಬಂದ ಮೇಲೆ ಔಷಧದ ಪಾಲನ್ನು ಬೇರ್ಪಡಿಸಿ ನೋಡುವುದು ಸಾಧ್ಯವಾಯಿತು.

1956ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲು ಬಳಕೆಗೆ ಬಂದ ಅರಿವಳಿಕೆ ಹ್ಯಾಲೊಥೇನ್ ಕೆಲವರ ಯಕೃತ್ತನ್ನು, ಮುಖ್ಯವಾಗಿ ಎರಡನೆಯ ಸಲ ಕೊಟ್ಟಾಗ, ನಾಶಮಾಡುತ್ತಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಅರಿವಳಿಕೆಗಳ ದಾಖಲೆ ತಿರುವಿಹಾಕಿದ ಅಮೆರಿಕದ ಅಧ್ಯಯನವೊಂದು 1966ರಲ್ಲಿ ಇದು ಅಪರೂಪವೆಂದು ಹೇಳಿತು. ಕ್ಷಯದ ಔಷಧ ಐಸೋನಿಯಜಿಡ್ ವಿಷಯದಲ್ಲಿ ಎಚ್ಚರ ಮೂಡಿಸಿದ್ದು ವಾಷಿಂಗ್ಟನ್ನಿನ ಸರ್ಕಾರಿ ನೌಕರರು. 1952ರಿಂದ ಬಳಕೆಯಲ್ಲಿದ್ದ ಈ ಮಾತ್ರೆಯನ್ನು 1970ರಲ್ಲಿ ಅಲ್ಲಿನ ಕ್ಯಾಪಿಟಲ್ ಹಿಲ್‌ನ 2,321 ಮಂದಿಗೆ ರೋಗ ಬಾರದಂತೆ ಮುಂಜಾಗ್ರತೆಯಾಗಿ ಕೊಡಲಾಯಿತು. 19 ಮಂದಿಗೆ ಹೆಪಟೈಟಿಸ್ ಆಗಿ ಇಬ್ಬರು ಸತ್ತರು. ಹದಿನೆಂಟು ವರ್ಷ ಕ್ಷಯರೋಗಿಗಳ ನಡುವೆ ಮರೆಯಾಗಿದ್ದ ಅಪಾಯ ಆರೋಗ್ಯವಂತರಿಗೆ ಕೊಟ್ಟಾಗ ಎದ್ದು ಕಂಡಿತು.

ಇವೆರಡರ ವಿಷತ್ವವನ್ನು ಮೊದಲೇ ಊಹಿಸಲಾಗದು. ಪ್ಯಾರಸಿಟಮಾಲ್ ಹಾಗಲ್ಲ, ಅದರ ಹಾನಿ ಪ್ರಮಾಣಕ್ಕೆ ಕಟ್ಟುಬಿದ್ದದ್ದು. ಹತ್ತೊಂಬತ್ತನೆಯ ಶತಮಾನದಲ್ಲೇ ತಯಾರಾಗಿದ್ದರೂ 1948ರಲ್ಲಿ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಅದರ ಗುಣವನ್ನು ಮತ್ತೆ ಎತ್ತಿ ತೋರಿಸುವವರೆಗೆ ಅದನ್ನು ಕೇಳುವವರಿರಲಿಲ್ಲ. 1966ರಲ್ಲಿ ಸ್ಕಾಟ್ಲೆಂಡಿನ ಡೇವಿಡ್‌ಸನ್ ಮತ್ತು ಈಸ್ಟ್‌ಹ್ಯಾಮ್ ಅತಿಯಾಗಿ ನುಂಗಿದವರ ಯಕೃತ್ತಿನ ಕೋಶಗಳು ಸತ್ತದ್ದನ್ನು ವರದಿ ಮಾಡಿದರು. 1973ರಲ್ಲಿ ಮಿಚೆಲ್, ಜಾಲೊ ಮುಂತಾದವರು ಕಾರಣ ಬಿಡಿಸಿದರು. ಔಷಧದ ಬಹುಪಾಲು ನಿರಪಾಯವಾಗಿ ಹೊರಹೋಗುತ್ತದೆ; ಸಣ್ಣ ಪಾಲೊಂದು ವಿಷವಸ್ತುವಾಗಿ ಮಾರ್ಪಡುತ್ತದೆ, ಅದನ್ನು ಯಕೃತ್ತಿನಲ್ಲಿರುವ ಗ್ಲೂಟಾಥಯೋನ್ ಹಿಡಿದು ತಣಿಸುತ್ತದೆ. ಗ್ಲೂಟಾಥಯೋನ್ ಬರಿದಾದ ಮೇಲೆ ವಿಷ ನೇರವಾಗಿ ಕೋಶಗಳಿಗೆ ತಗಲುತ್ತದೆ. ಕಾರಣ ತಿಳಿದದ್ದರಿಂದ ಮದ್ದೂ ಬೇಗ ಸಿಕ್ಕಿತು: ಎಡಿನ್‌ಬರೊದ ಲಾರಿ ಪ್ರೆಸ್ಕಾಟ್ 1970ರ ದಶಕದ ಕೊನೆಯಲ್ಲಿ ಎನ್-ಅಸೆಟೈಲ್‌ಸಿಸ್ಟೀನ್ ಎಂಟು ಗಂಟೆಯೊಳಗೆ ಕೊಟ್ಟರೆ ಯಕೃತ್ತು ಹೆಚ್ಚೂಕಡಿಮೆ ಪೂರ್ತಿ ಉಳಿಯುತ್ತದೆಂದು ತೋರಿಸಿದರು. ರೋಗದ ರಸಾಯನ ಬಿಡಿಸಿದ ಕೆಲವೇ ವರ್ಷಗಳಲ್ಲಿ ಮದ್ದು ಸಿದ್ಧವಾದ ಇಂಥ ಉದಾಹರಣೆಗಳು ಈ ಕ್ಷೇತ್ರದಲ್ಲಿ ಅಪರೂಪ. 1998ರಲ್ಲಿ ಬ್ರಿಟನ್ ಸಾಮಾನ್ಯ ಅಂಗಡಿಯಲ್ಲಿ ಮಾರುವ ಪೊಟ್ಟಣವನ್ನು 16 ಮಾತ್ರೆಗೆ ಇಳಿಸಿತು.

ಮದ್ಯ ಮತ್ತು ಮಾತ್ರೆಯ ಚರಿತ್ರೆಗಳು ಕೂಡುವುದೂ ಇಲ್ಲಿಯೇ. ಲೀಬರ್ ಕಂಡ ಕಿಣ್ವವ್ಯವಸ್ಥೆಯೇ ಪ್ಯಾರಸಿಟಮಾಲನ್ನು ವಿಷವಾಗಿಸುವುದು. ನಿತ್ಯ ಕುಡಿಯುವವರಲ್ಲಿ ಆ ಕಿಣ್ವ ಹೆಚ್ಚು, ಗ್ಲೂಟಾಥಯೋನ್ ಕಡಿಮೆ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಎಂಬ ಸಾಮಾನ್ಯ ಮಿತಿ ಅವರಿಗೆ ಹೆಚ್ಚಾಗಬಹುದು. ವಿಚಿತ್ರವೆಂದರೆ ಮದ್ಯ ಮೈಯಲ್ಲಿರುವಷ್ಟು ಹೊತ್ತು ಅದೇ ಕಿಣ್ವವನ್ನು ಆಕ್ರಮಿಸಿಕೊಂಡಿರುತ್ತದೆ; ಅಪಾಯ ಹೆಚ್ಚುವುದು ಅಮಲು ಇಳಿದ ಮೇಲೆ, ತಲೆನೋವಿಗೆ ಮಾತ್ರೆ ಹುಡುಕುವ ಹೊತ್ತಿಗೆ. ದಿನಕ್ಕೆ ಮೂರು ಅಥವಾ ಹೆಚ್ಚು ಪೇಯ ಕುಡಿಯುವವರಿಗೆಂದು ನೋವಿನ ಮಾತ್ರೆಗಳ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂದು ಅಮೆರಿಕ 1998ರಲ್ಲಿ ಆದೇಶಿಸಿತು.

1978ರಲ್ಲಿ ಹೈಮನ್ ಝಿಮ್ಮರ್‌ಮನ್ ಔಷಧಗಳಿಂದ ಯಕೃತ್ತಿಗಾಗುವ ಹಾನಿಯ ಬಗ್ಗೆ ಮೊದಲ ಬೃಹತ್ ಗ್ರಂಥ ಪ್ರಕಟಿಸಿದರು. ಔಷಧದಿಂದ ಯಕೃತ್ತಿನ ಕೋಶಗಳಿಗೆ ಪೆಟ್ಟಾಗಿ ಕಾಮಾಲೆಯೂ ಬಂದರೆ ಹತ್ತರಲ್ಲಿ ಒಬ್ಬರಷ್ಟು ಸಾಯಬಹುದೆಂಬ ಅವರ ಗಮನಿಕೆ ‘ಹೈ ನಿಯಮ’ ಎಂದು ಹೆಸರಾಗಿ, ಹೊಸ ಔಷಧಗಳ ಪರೀಕ್ಷೆಯಲ್ಲಿ ಅಳತೆಗೋಲಾಗಿದೆ. ಮಧುಮೇಹದ ಟ್ರೋಗ್ಲಿಟಜೋನ್ 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದದ್ದು ಯಕೃತ್ತಿನ ವೈಫಲ್ಯದ ಕಾರಣಕ್ಕೆ. ಭಾರತ 2011ರಲ್ಲಿ ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ನಿಷೇಧಿಸಿತು.

ಪಶ್ಚಿಮದಲ್ಲಿ ಇಂಥ ಹಾನಿಗೆ ಪ್ಯಾರಸಿಟಮಾಲ್ ಮತ್ತು ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮುಂದಿದ್ದರೆ ಭಾರತದಲ್ಲಿ ಕ್ಷಯದ ಔಷಧಗಳೇ ಮೊದಲು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಹರ್ಷದ್ ದೇವರಭಾವಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ 313 ರೋಗಿಗಳ ಅಧ್ಯಯನದಲ್ಲಿ ಅರ್ಧಕ್ಕೂ ಹೆಚ್ಚು ಪ್ರಕರಣಗಳಿಗೆ ಅವೇ ಕಾರಣವಾಗಿದ್ದವು. ಸೊಪ್ಪು, ಬೇರು, ಚೂರ್ಣಗಳೂ ಪಟ್ಟಿಯಿಂದ ಹೊರಗಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಹೆಪಟೈಟಿಸ್ ಕಂಡದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದಾಗ ಆಯುಷ್ ಸಚಿವಾಲಯ ಅದನ್ನು ಅಲ್ಲಗಳೆಯಿತು.

ಖಚಿತವಾಗಿ ಔಷಧವೇ ಕಾರಣವೆಂದು ಸಾರುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ವೈರಸ್, ಪಿತ್ತನಾಳದ ಕಲ್ಲು, ಮದ್ಯ ಮುಂತಾದವನ್ನು ಒಂದೊಂದಾಗಿ ತಳ್ಳಿಹಾಕಿ, ಔಷಧ ಶುರುವಾದ ದಿನಕ್ಕೂ ಕಾಮಾಲೆ ಕಂಡ ದಿನಕ್ಕೂ ತಾಳೆ ನೋಡಿ ತೀರ್ಮಾನಿಸುತ್ತಾರೆ. ಮೊದಲ ಚಿಕಿತ್ಸೆ ಶಂಕಿತ ಔಷಧವನ್ನು ನಿಲ್ಲಿಸುವುದು. ಕ್ಷಯರೋಗಿಗೆ ಅದಷ್ಟೇ ಸಾಲದು. ರಕ್ತದಲ್ಲಿ ಯಕೃತ್ತಿನ ಕಿಣ್ವಗಳ ಮಟ್ಟ ಇಳಿದ ಬಳಿಕ ರಿಫಾಂಪಿಸಿನ್, ಐಸೋನಿಯಜಿಡ್‌ಗಳನ್ನು ಕೆಲವು ದಿನಗಳ ಅಂತರದಲ್ಲಿ ಒಂದೊಂದಾಗಿ ಮತ್ತೆ ಆರಂಭಿಸಿ, ಪ್ರತಿ ಹಂತದಲ್ಲೂ ರಕ್ತ ಪರೀಕ್ಷಿಸುತ್ತಾರೆ. ಹಾನಿ ತೀವ್ರವಾಗಿದ್ದವರಿಗೆ ಕ್ಷಯದ ಮತ್ತೊಂದು ಔಷಧವಾದ ಪೈರಜಿನಮೈಡನ್ನು ಸಾಮಾನ್ಯವಾಗಿ ಕೈಬಿಡುತ್ತಾರೆ.