ಕಾತಿಬರ ಲೇಖನಿಯಿಂದ ಯೂನಿಕೋಡ್‌ವರೆಗೆ

ಇಂದು ನೀವು ಮೊಬೈಲಿನಲ್ಲಿ ಉರ್ದುವಿನಲ್ಲೋ ಕನ್ನಡದಲ್ಲೋ ಒಂದು ಸಾಲು ಬರೆದು ಕಳುಹಿಸಿದರೆ ಅದು ಹಾಗೆಯೇ ಗೆಳೆಯರಿಗೆ ತಲುಪುತ್ತದೆ. ಇದರಲ್ಲಿ ವಿಶೇಷವೇನು ಎಂದು ಕೇಳುವಿರಾ? ಇದರ ಹಿಂದೆ ಎರಡು ಬಾರಿ ತಮ್ಮ ಕಸುಬನ್ನೇ ಹೊಸದಾಗಿ ಕಲಿಯಬೇಕಾಗಿ ಬಂದವರ ಇತಿಹಾಸವಿದೆ.

ಉರ್ದುವಿನ ನಸ್ತಲೀಕ್ ಶೈಲಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಇಳಿಯುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನೆರೆಯ ಅಕ್ಷರ ಬದಲಾದರೆ ಆಕಾರವೂ ಬದಲಾಗುತ್ತದೆ. ಅಚ್ಚಿನ ಮೊಳೆಗಳಿಗೆ ಇದು ಸುಲಭವಾಗಿ ಒಗ್ಗಲಿಲ್ಲ. ಆದ್ದರಿಂದ ಕಾತಿಬರು ಪುಟಗಳನ್ನು ಕೈಯಿಂದ ಬರೆದುಕೊಡುತ್ತಿದ್ದರು, ಅದನ್ನೇ ಮುದ್ರಿಸಲಾಗುತ್ತಿತ್ತು. 1927ರಲ್ಲಿ ಆರಂಭವಾದ ಚೆನ್ನೈನ 'ದಿ ಮುಸಲ್ಮಾನ್' ಪತ್ರಿಕೆ ಈ ಕೈಬರಹದಿಂದಲೇ ಹೆಸರಾಯಿತು.

1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹ್ಮದ್ ಜಮೀಲರು ಮೋನೋಟೈಪ್ ಸಂಸ್ಥೆಯೊಡನೆ ಸೇರಿ, ಸುಮಾರು 20,000 ಕೂಡಕ್ಷರಗಳಿಂದ 'ನೂರಿ ನಸ್ತಲೀಕ್' ರೂಪಿಸಿದರು. 'ನೂರಿ' ಎಂಬುದು ಅವರ ತಂದೆ ನೂರ್ ಅಹ್ಮದರ ನೆನಪು. ಆಗ ಇದು ದೊಡ್ಡ ಯಂತ್ರಗಳ ಮಾತು. 1994ರಲ್ಲಿ ನಮ್ಮ ದೇಶದ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆ ಇದೇ ಲಿಪಿಯನ್ನು 'ಇನ್‌ಪೇಜ್' ಮೂಲಕ ಸಾಮಾನ್ಯ ಕಂಪ್ಯೂಟರಿಗೆ ತಂದಿತು. ಗಡಿಯ ಎರಡೂ ಕಡೆಯ ಉರ್ದು ಪತ್ರಿಕೆಗಳು ಅದನ್ನೇ ನೆಚ್ಚಿಕೊಂಡವು. ಕೆಲವು ಕಾತಿಬರು ಕೀಲಿಮಣೆ ಕಲಿತರು; ಅನೇಕರ ಕೈಗೆ ಕೆಲಸ ಉಳಿಯಲಿಲ್ಲ.

ಆದರೆ ಇನ್‌ಪೇಜ್ ಅಕ್ಷರಗಳನ್ನು ತನ್ನದೇ ಸಂಕೇತಗಳಲ್ಲಿ ಇಡುತ್ತಿತ್ತು. ಅಲ್ಲಿಂದ ಒಂದು ಪ್ಯಾರಾ ನಕಲು ಮಾಡಿ ಇ-ಮೇಲಿಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತಿದ್ದವು. ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು. ಇನ್‌ಪೇಜ್ ಅದಕ್ಕೆ ಹೊಂದಿಕೊಂಡದ್ದು 2009ರ ಹೊತ್ತಿಗೆ.

ಹಾಗಾದರೆ ಎಲ್ಲರೂ ಕೂಡಲೇ ಬದಲಾದರೇ? ಇಲ್ಲ. ಅವರನ್ನು ಸೋಮಾರಿಗಳೆಂದು ಹಳಿಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಪುಟದ ಲೆಕ್ಕದಲ್ಲಿ ಕೂಲಿ ಪಡೆಯುವ ಡಿ.ಟಿ.ಪಿ. ಕೆಲಸಗಾರನಿಗೆ ಬೆರಳುಗಳ ವೇಗವೇ ಅನ್ನ. ಕೀಲಿ ಒಂದು ಸ್ಥಾನ ಸರಿದರೂ ದಿನದ ಸಂಪಾದನೆ ಕುಸಿಯುತ್ತದೆ. ಅಲ್ಲದೆ ಯೂನಿಕೋಡ್‌ನಲ್ಲಿ ಒಳ್ಳೆಯ ನಸ್ತಲೀಕ್ ಬಹುಕಾಲ ಸಿಗಲಿಲ್ಲ. ಉರ್ದು ಜಾಲತಾಣಗಳು ಅರಬಿ ಮಾದರಿಯ ನಸ್ಖ್ ಲಿಪಿಯಲ್ಲಿ ಬರುತ್ತಿದ್ದವು. ನಮ್ಮ ಹಿರಿಯರಿಗೆ ಅದು ಓದಲು ರುಚಿಸುತ್ತಿರಲಿಲ್ಲ. ಜಮೀಲ್ ನೂರಿ ನಸ್ತಲೀಕ್‌ನಂತಹ ಯೂನಿಕೋಡ್ ಫಾಂಟುಗಳು ಬಂದ ಮೇಲೆಯೇ ಈ ದೂರು ಕಡಿಮೆಯಾಯಿತು.

ಕನ್ನಡದ ಕಥೆಯೂ ಬೇರೆಯಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಮನೆಮಾತಾದವು. 'ಸೂರ್ಯ' ಎಂಬ ಪದವನ್ನೇ ನೋಡಿ. ಕಣ್ಣಿಗೆ ಅರ್ಕಾವತ್ತು ಕೊನೆಯಲ್ಲಿದೆ, ಹಳೆಯ ನುಡಿ ಫಾಂಟಿನಲ್ಲೂ ಅದು ಕೊನೆಯಲ್ಲೇ ದಾಖಲಾಗುತ್ತಿತ್ತು. ಯೂನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರವೇ ಮೊದಲು. ಹಳೆಯ ಕಡತವನ್ನು ಪರಿವರ್ತಿಸುವ ತಂತ್ರಾಂಶ ಇಂಥ ಪ್ರತಿಯೊಂದು ಪದದಲ್ಲೂ ಕ್ರಮವನ್ನು ತಿರುಗಿಸಬೇಕು.

ಉರ್ದುವಿನಲ್ಲಿ ತೊಡಕು ಇನ್ನೂ ಸೂಕ್ಷ್ಮ. ಉರ್ದುವಿನ ಕಾಫ್, ಯೇ ಅಕ್ಷರಗಳಿಗೂ ಅರಬಿಯ ಕಾಫ್, ಯಾ ಅಕ್ಷರಗಳಿಗೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳಿವೆ. ಪದದ ನಡುವೆ ಬಂದಾಗ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, ಆದರೆ ಹುಡುಕಿದರೆ 'ಕಿತಾಬ್' ಎಂಬ ಪದ ಸಿಗುವುದೇ ಇಲ್ಲ!

ನಿಮ್ಮ ಮನೆಯಲ್ಲೋ ಸಂಸ್ಥೆಯ ಬೀರುವಿನಲ್ಲೋ ಹಳೆಯ ಸಂಚಿಕೆಗಳ ಇನ್‌ಪೇಜ್ ಅಥವಾ ನುಡಿ ಕಡತಗಳ ಸಿ.ಡಿ. ಇರಬಹುದು. ಅದನ್ನು ತೆರೆಯಬಲ್ಲ ಕಂಪ್ಯೂಟರ್ ಕೈಗೆ ಸಿಗುವಾಗಲೇ ಪರಿವರ್ತಿಸಿ, ಪಕ್ಕದಲ್ಲಿ ಮುದ್ರಿತ ಪ್ರತಿಯನ್ನಿಟ್ಟುಕೊಂಡು ಭಾಷೆ ಬಲ್ಲವರೊಬ್ಬರಿಂದ ಸಾಲು ಸಾಲಾಗಿ ಓದಿಸಿ.